ವರ್ನಾಳ ಮೂಗು, ಲೆನರ್ಡನ ಜಾಕೆಟ್ಟು

ನಮ್ಮ ಕಾರ್ಖಾನೆಯಲ್ಲಿ ಮ್ಯಾನೇಜರ್ ಡ್ವೇನ್‌ಗಿಂತ ವರ್ನಾ ಲಿಟೆರ್ಸ್ಕಿಯ ಮೂಗಿಗೆ ಹೆಚ್ಚು ಅಧಿಕಾರವಿತ್ತು. ಬೆಳಿಗ್ಗೆ ಕೋಟಿಂಗ್ ಕೋಣೆಯ ಬಾಗಿಲಿಗೆ ಅಡ್ಡ ನಿಂತು ಒಬ್ಬೊಬ್ಬರನ್ನೇ ಮೂಸಿ ಒಳಗೆ ಬಿಡುತ್ತಿದ್ದಳು. ಅರವತ್ತರ ಹತ್ತಿರದ ಹೆಂಗಸು, ಆಲೂಗಡ್ಡೆ ಬೆಳೆಯುವವರ ಮಗಳು. ಅವಳು ನಿಂತರೆ ಬಾಗಿಲು ಮುಚ್ಚಿದ ಹಾಗೆಯೇ. ಕೈಗೆ ಹಚ್ಚಿದ ಕ್ರೀಮು, ಕೂದಲಿಗೆ ಹೊಡೆದ ಸ್ಪ್ರೇ, ಬಟ್ಟೆ ಘಮ್ಮೆನ್ನಲೆಂದು ಒಗೆಯುವಾಗ ಹಾಕಿದ ದ್ರಾವಣ, ಯಾವುದೂ ಅವಳ ಮೂಗು ದಾಟಿ ಒಳಗೆ ಹೋಗುವಂತಿರಲಿಲ್ಲ.

"ಎಲ್ರಾಯ್, ಮೀಸೆಗೆ ಮೇಣ ಹಚ್ಚಿದ್ದೀಯ?" ಎಂದು ಓವನ್ ನೋಡಿಕೊಳ್ಳುವ ಎಲ್ರಾಯ್‌ನನ್ನು ಕೇಳುತ್ತಿದ್ದಳು.

"ಇಲ್ಲ ವರ್ನಾ, ದೇವರಾಣೆ."

"ಮತ್ತೆ ಅದು ನೆಟ್ಟಗೆ ನಿಂತಿರೋದು ನನ್ನ ನೋಡಿದ ಭಯಕ್ಕಾ? ಹೋಗು, ಸೋಪ್ ಹಾಕಿ ತೊಳ್ಕೊಂಡ್ ಬಾ."

ಅವಳದ್ದು ಬರೀ ಕೊಬ್ಬು ಎನ್ನುವ ಹಾಗಿಲ್ಲ. ನಾವು ಮಾಡುತ್ತಿದ್ದುದು ಹಾಲು ಕರೆಯುವ ಯಂತ್ರಗಳ ಒಳಗೆ ಕೂರುವ ಸರ್ಕ್ಯೂಟ್ ಬೋರ್ಡುಗಳನ್ನು. ಕೊಟ್ಟಿಗೆಯ ತೇವ, ಗಂಜಳದ ಆವಿ ಸೇರಿದರೆ ತಾಮ್ರವನ್ನು ಗೆದ್ದಲಿನ ಹಾಗೆ ತಿಂದುಬಿಡುತ್ತವೆ. ಅದಕ್ಕೇ ಬೋರ್ಡಿನ ಮೇಲೆ ಉಗುರಿನ ಬಣ್ಣದಂಥ ತೆಳು ಲೇಪ ಹೊಡೆಯಬೇಕು. ಬೋರ್ಡಿಗೆ ಕ್ರೀಮಿನ, ಮೇಣದ ಜಿಡ್ಡು ಸೋಕಿದ್ದರೆ ಅದು ಹಿಡಿಯುವುದಿಲ್ಲ. ವೈರು ಸಿಕ್ಕಿಸುವ ಜಾಗಕ್ಕೆ ಮಾತ್ರ ಆ ಲೇಪ ತಾಗಬಾರದು, ತಾಗಿದರೆ ಕರೆಂಟು ಹೋಗುವುದಿಲ್ಲ. ಹಾಗಾಗಿ ಮೊದಲು ಅಲ್ಲಿಗೆ ಟೇಪು ಅಂಟಿಸಿ, ರಬ್ಬರ್ ಟೋಪಿ ತೊಡಿಸಿ ಮುಚ್ಚುತ್ತೇವೆ. ಅದು ನನ್ನ ಕೆಲಸ. ನನ್ನ ಹೆಸರು ಕಾರ್ಲೀನ್. ವರ್ನಾಳ ಎಡಗಡೆಯ ಮೇಜಿನಲ್ಲಿ ಕೂತು ಅವಳಿಂದ ಬೈಸಿಕೊಂಡೇ ನನ್ನ ತಲೆ ಬೆಳ್ಳಗಾಗಿದೆ.

"ಟೇಪು ಅಂಟಿಸೋದಲ್ಲ ಕಣೇ, ಕೂರಿಸೋದು. ಮೂಲೇಲಿ ಉಗುರು ಹಾಕಿ ಒತ್ತು. ಇಷ್ಟು ಸಂದಿ ಬಿಟ್ಟರೂ ಲೇಪ ಒಳಗೆ ನುಸುಳುತ್ತೆ. ಕರೆಯದ ಮದುವೆಗೆ ಬರೋ ನೆಂಟರ ಥರ." ಇದು ದಿನದ ಪಾಠ. ಓವನ್‌ನಿಂದ ಬಂದ ಬೋರ್ಡಿನ ಟೇಪನ್ನು ಬಿಸಿಯಿದ್ದಾಗಲೇ ಎಳೆದರೆ ಅಂಟು ಉಳಿಯುತ್ತದೆ, ಪೂರಾ ಆರಿದ ಮೇಲೆ ಎಳೆದರೆ ಲೇಪದ ಅಂಚೇ ಚಕ್ಕೆ ಏಳುತ್ತದೆ. ಎಳೆಯುವ ಸರಿಯಾದ ಗಳಿಗೆ ಯಾವುದೆಂದು ಅವಳು ಬೋರ್ಡನ್ನು ಕೆನ್ನೆಯ ಹತ್ತಿರ ಹಿಡಿದು ಹೇಳುತ್ತಿದ್ದಳು. ನಾವು ಮುಚ್ಚಿದ ಪ್ರತಿ ಬೋರ್ಡೂ ಅವಳ ಮುಂದೆ ಹೋಗಲೇಬೇಕು. ಎರಡೂ ತೋಳನ್ನು ಬೋರ್ಡಿನ ಮೇಲೆ ಊರಿ, ಮೂಗು ತಾಗುವಷ್ಟು ಬಗ್ಗಿ ನೋಡಿ, ಕೊನೆಗೆ ಧೂಳಿದ್ದರೆ ಹೋಗಲೆಂದು ಮೇಲಂಗಿಯ ತೋಳಂಚಿನಿಂದ ಒಂದು ಸಲ ಸವರಿ ಮುಂದೆ ಕಳಿಸುತ್ತಿದ್ದಳು.

ಲೇಪ ಹೊಡೆದು ಒಣಗಿದ ಮೇಲೆ ನೇರಳೆ ದೀಪದ ಕೆಳಗೆ ಹಿಡಿಯುತ್ತೇವೆ. ಲೇಪ ಇದ್ದಲ್ಲಿ ನೀಲಿಯಾಗಿ ಹೊಳೆಯುತ್ತದೆ, ಇಲ್ಲದಲ್ಲಿ ಕಪ್ಪು. ಈ ದೀಪವನ್ನು ವರ್ನಾ ಬೋರ್ಡಿಗೆ ಮಾತ್ರ ಬಳಸಿದವಳಲ್ಲ. ಯಾರೋ ಫ್ರಿಜ್ಜಿನಿಂದ ಅವಳ ಹೊಗೆ ಹಾಕಿದ ಚೀಸ್ ಕದಿಯುತ್ತಿದ್ದಾಗ, ಆ ದೀಪಕ್ಕೆ ಮಾತ್ರ ಕಾಣುವ ಪುಡಿಯನ್ನು ಡಬ್ಬಿಯ ಹೊರಗೆ ಸವರಿಟ್ಟಳು. ಸಂಜೆ ಎಲ್ಲರ ಕೈಗಳನ್ನೂ ದೀಪದ ಕೆಳಗೆ ಹಿಡಿಸಿದಾಗ ಡ್ವೇನ್‌ನ ಹತ್ತು ಬೆರಳೂ ನೀಲಿ ನೀಲಿ. ಮ್ಯಾನೇಜರನೆಂದು ನಾವು ಬಾಯಿಗೆ ಕೈ ಅಡ್ಡ ಹಿಡಿದು ನಗಲಿಲ್ಲ, ಬಾಯಿ ತೆರೆದೇ ನಕ್ಕೆವು. ಅವನು ಪಾಪ ಮಾರನೆಯ ದಿನ ದೊಡ್ಡ ಚೀಸ್ ಗಡ್ಡೆ ತಂದು ಅವಳ ಮೇಜಿನ ಮೇಲಿಟ್ಟ.

ಇಂಥ ವರ್ನಾಳಿಗೆ ಪ್ರಪಂಚದಲ್ಲಿ ಒಂದೇ ಒಂದು ಹುಚ್ಚು. ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾಗುವ ಶನಿವಾರ. ನಮ್ಮ ವಿಸ್ಕಾನ್ಸಿನ್‌ನಲ್ಲಿ ಆ ದಿನ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೆ ಮದುಮಗನೇ ಬರುವುದಿಲ್ಲ. ವರ್ನಾ ಮಗಳು ಹೊಟ್ಟೆಯಲ್ಲಿದ್ದಾಗಲೂ ಆ ಶನಿವಾರ ಮರದ ಮೇಲಿನ ಅಟ್ಟಣೆ ಏರಿ ಕೂತಿದ್ದವಳು. ಆ ವರ್ಷವಂತೂ ಅವಳ ಜೀವವೆಲ್ಲ ಒಂದು ಜಿಂಕೆಯ ಮೇಲಿತ್ತು. ಎಡಗೊಂಬು ಕೆಳಕ್ಕೆ ಬಾಗಿದ ಭಾರಿ ಗಂಡು. ಮೆರವಣಿಗೆಯಲ್ಲಿ ಊರಿನ ಮೇಯರ್ ಬರುವ ಹಾಗೆ ತಲೆಯೆತ್ತಿ ನಿಧಾನ ನಡೆಯುತ್ತದೆಂದು ಅದಕ್ಕೆ ಮೇಯರ್ ಎಂದೇ ಹೆಸರಿಟ್ಟಿದ್ದಳು. ಬೇಸಿಗೆಯಿಂದ ಅದರ ಜಾಡು ಹಿಡಿದಿದ್ದಳು. ಅವಳ ಗಂಡ ಲೆನರ್ಡನಿಗೂ ಅದರ ಮೇಲೇ ಕಣ್ಣು. ಗಂಡ ಹೆಂಡತಿ ಇಬ್ಬರೂ ಊಟದ ಮೇಜಿನಲ್ಲಿ ಮೇಯರನ ತಲೆಯನ್ನು ಯಾವ ಗೋಡೆಗೆ ನೇತುಹಾಕುವುದೆಂದು ಜಗಳ ಆಡುತ್ತಿದ್ದರು. ಅತ್ತ ಮೇಯರ್ ಕಾಡಿನಲ್ಲಿ ಹಾಯಾಗಿ ಮೇಯುತ್ತಿದ್ದ.

ಬೇಟೆಯ ವಾರ ಬಂತು. ಅದೇ ವಾರ ಬೋರ್ಡುಗಳಿಗೂ ರೋಗ ಬಂತು.

ನೇರಳೆ ದೀಪದ ಕೆಳಗೆ ನೋಡಿದರೆ ನೀಲಿಯ ನಡುವೆ ದುಂಡು ದುಂಡು ಕಪ್ಪು ಚುಕ್ಕೆ. ಲೇಪ ಅಲ್ಲಿ ಕೂರಲು ಒಲ್ಲೆನೆಂದು ಸುತ್ತ ಸರಿದು ನಿಂತಿದೆ. ನಾವು ಇದಕ್ಕೆ ಮೀನುಗಣ್ಣು ಎನ್ನುತ್ತೇವೆ. ಎಣ್ಣೆಯದೋ ಸಿಲಿಕೋನಿನದೋ ಲೇಶ ಇದ್ದರೂ ಸಾಕು, ಕಣ್ಣು ಬಿಡುತ್ತದೆ. ಒಂದೆರಡಲ್ಲ, ತಟ್ಟೆ ತಟ್ಟೆ ಬೋರ್ಡು ಹೀಗೆ.

ಡ್ವೇನ್ ಬಂದು ಗಂಟಲು ಸರಿಮಾಡಿಕೊಂಡ. "ಸೋಮವಾರ ಲಾರಿ ಬರುತ್ತೆ. ಕೆಟ್ಟಿರೋ ಬೋರ್ಡ್‌ಗಳ ಲೇಪ ಎಲ್ಲಾ ಕಿತ್ತು ಮತ್ತೆ ಹೊಡೀಬೇಕು. ಶನಿವಾರ ಎಲ್ರೂ ಬರ್ಬೇಕಾಗುತ್ತೆ."

ಎಲ್ಲರ ಮುಖವೂ ಜೋತುಬಿತ್ತು. ಎಲ್ರಾಯ್‌ನ ಮೀಸೆ ಕೂಡ ಇಳಿದುಬಿತ್ತು.

"ಯಾವ ಶನಿವಾರ?" ವರ್ನಾ ಕೇಳಿದಳು.

"ಈ ಶನಿವಾರ."

"ಡ್ವೇನ್, ಮರಿ, ನಿನಗೆ ಹುಷಾರಿಲ್ವಾ?"

"ವರ್ನಾ, ನಾನೇನ್ ಮಾಡ್ಲಿ? ನೀವೇ ಹೇಳಿ. ನಾನೂ ರಜಾ ಹಾಕಿದ್ದೆ."

ವರ್ನಾ ಮೇಜು ಗುದ್ದಿದಳು. "ಎಲ್ರೂ ಯಾಕ್ ಬರ್ಬೇಕು? ಈ ಕೊಳೆ ಯಾರೋ ಒಬ್ರು ಹೊತ್ಕೊಂಡ್ ಬಂದಿರೋದು. ಯಾರು ಅಂತ ನಾನು ಹಿಡಿದು ಕೊಡ್ತೀನಿ. ಅವರೊಬ್ರೇ ಶನಿವಾರ ಬಂದು ಕೀಳ್ಲಿ. ಉಳಿದೋರೆಲ್ಲ ಕಾಡಿಗೆ. ಒಪ್ಪಿಗೆನಾ?"

ಒಪ್ಪದೆ ಏನು? ಎಲ್ಲರೂ ಮೇಜಿನ ಮೇಲೆ ಕೈಗೆ ಕೈ ಇಟ್ಟು ಆಣೆ ಮಾಡಿದೆವು. ಆಮೇಲೆ ಶುರುವಾಯಿತು ನೋಡಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಎಲ್ರಾಯ್ ಮೀಸೆ ಮುಟ್ಟಿಕೊಂಡ, ನಾನು ಕೂದಲು ಮುಟ್ಟಿಕೊಂಡೆ, ಡ್ವೇನ್ ಬೆರಳು ನೋಡಿಕೊಂಡ. ಮರುಕ್ಷಣ ಎಲ್ಲರ ಕಣ್ಣೂ ಪಾಕೂ ಕಡೆ ತಿರುಗಿತು.

ಪಾಕೂ ಶೊಂಗ್, ಆಗ್ನೇಯ ಏಷ್ಯಾದಿಂದ ಬಂದು ನಮ್ಮಲ್ಲಿ ನೆಲೆಸಿದ ಮೊಂಗ್ ಜನರ ಹುಡುಗಿ, ನನ್ನ ಎದುರಿನ ಮೇಜು, ಸೇರಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಚಳಿಗೆ ಅವಳ ಕೈ ಬಿರಿಯುತ್ತಿತ್ತು. ಊಟದ ಬಿಡುವಿನಲ್ಲಿ ಅಜ್ಜಿ ಕೊಟ್ಟ ಪುಟ್ಟ ಡಬ್ಬಿಯಿಂದ ಕರ್ಪೂರದ ವಾಸನೆಯ ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ಕೆಲಸಕ್ಕೆ ಕೂರುವಾಗ ತೊಳೆದು ಕೈಗವಸು ಹಾಕುತ್ತಿದ್ದಳು, ನಿಜ. ಆದರೆ ಶನಿವಾರ ಕಳೆದುಕೊಳ್ಳುವ ಭಯದಲ್ಲಿ ನ್ಯಾಯ ಯಾರಿಗೆ ಬೇಕು?

"ಈ ಕಣ್ಣು ಮೊದಲೆಲ್ಲ ಇತ್ತಾ? ನಾನು ಯಾರ ಹೆಸರನ್ನೂ ಹೇಳ್ತಿಲ್ಲಪ್ಪ," ಎಂದ ಎಲ್ರಾಯ್, ಪಾಕೂವನ್ನೇ ನೋಡುತ್ತ.

ಪಾಕೂ ಮುಖ ಕೆಂಪಾಯಿತು. ಅವಳ ಅಣ್ಣಂದಿರೆಲ್ಲ ಬೇಟೆಗಾರರು, ಒಬ್ಬನೂ ಅವಳನ್ನು ಕರೆದುಕೊಂಡು ಹೋಗಿರಲಿಲ್ಲ. ಆ ವರ್ಷ ತಾನೇ ಪರವಾನಗಿ ಮಾಡಿಸಿ, ಮಾವನ ಬಂದೂಕು ಕಾಡಿ ಬೇಡಿ ತಂದಿಟ್ಟುಕೊಂಡಿದ್ದಳು. "ನನ್ನ ಮುಲಾಮಲ್ಲ ಅಕ್ಕ," ಎಂದಳು ವರ್ನಾಳಿಗೆ. "ಪರೀಕ್ಷೆ ಮಾಡಿ ಬೇಕಾದ್ರೆ."

"ಮಾಡ್ತೀನಿ. ನಿಂದೇ ಅಂತ ಬಂದ್ರೆ ಮಾತ್ರ ಅಳ್ಬಾರ್ದು," ಎಂದಳು ವರ್ನಾ. ಅವಳ ಮೂಗು ಆಗಲೇ ತೀರ್ಪು ಬರೆದಿತ್ತು.

ಆದರೂ ಕೆಲಸದಲ್ಲಿ ವರ್ನಾ ಕಳ್ಳಾಟ ಆಡುವವಳಲ್ಲ. ಮೊದಲು ಒಂದು ತುಂಡು ಗಾಜನ್ನು ಚೆನ್ನಾಗಿ ಒರೆಸಿ ಅದಕ್ಕೆ ಲೇಪ ಹೊಡೆದಳು. ನೀಲಿ ನುಣ್ಣಗೆ ಕೂತಿತು. ಅಂದರೆ ಡಬ್ಬಿಯೊಳಗಿನ ಲೇಪದ್ದೂ ತಪ್ಪಿಲ್ಲ, ಲೇಪ ಸಿಂಪಡಿಸುವ ಗನ್ನಿನ ಗಾಳಿಯದ್ದೂ ತಪ್ಪಿಲ್ಲ. ಆಮೇಲೆ ತೊಳೆಯುವ ಯಂತ್ರದಿಂದ ಬಂದ ಬೋರ್ಡನ್ನು ಯಾರ ಕೈಗೂ ಕೊಡದೆ ನೇರ ತಂದು ಹೊಡೆದಳು. ಅದೂ ನುಣ್ಣಗೆ. ಹಾಗಾದರೆ ರೋಗ ಹತ್ತುವುದು ತೊಳೆದ ಮೇಲೆ, ಲೇಪಕ್ಕೆ ಮುಂಚೆ, ನಮ್ಮ ಮೇಜುಗಳ ಮೇಲೆ.

"ಎಲ್ರಿಗೂ ಒಂದೊಂದು ಗಾಜು ಕೊಡ್ತೀನಿ," ಎಂದಳು. "ಬೋರ್ಡ್ ಅಂದ್ಕೊಂಡು ಕೆಲಸ ಮಾಡಿ. ದಿನಾ ಹೇಗ್ ಮುಟ್ತೀರೋ ಹಾಗೇ ಮುಟ್ಟಿ, ಹಾಗೇ ಟೇಪ್ ಹಾಕಿ. ಆಮೇಲೆ ಕೆಳಗಡೆ ನಿಮ್ಮ ಹೆಸರಿನ ಪಟ್ಟಿ ಅಂಟಿಸಿ, ನೀವೇ ತಂದು ಹಲಗೆ ಮೇಲಿಡಿ."

"ವರ್ನಾ ಅಕ್ಕ, ನಿಮಗೆ?" ಪಾಕೂ ತಣ್ಣಗೆ ಕೇಳಿದಳು.

"ನನಗ್ಯಾಕೆ?"

"ಬೋರ್ಡನ್ನ ನೀವೂ ಮುಟ್ತೀರಲ್ಲ."

ಎಲ್ಲರೂ ಹೋ ಎಂದು ನಕ್ಕರು. ವರ್ನಾ ತೋಳು ಚಾಚಿ ಅವಳ ಮೂಗಿನ ಹತ್ತಿರ ಹಿಡಿದಳು. "ಮೂಸು. ಏನಾದ್ರೂ ಬರುತ್ತಾ? ನಮ್ಮದು ಬೇಟೆಗಾರರ ಮನೆ ಕಣಮ್ಮ. ವಾಸನೆ ಇರೋ ಸೋಪು ನಮ್ಮನೆ ಹೊಸ್ತಿಲು ತುಳಿದಿಲ್ಲ. ಜಿಂಕೆಗೇ ಗೊತ್ತಾಗಲ್ಲ ನಾನು ಇರೋದು!" ಆದರೂ ಒಂದು ಗಾಜು ತೆಗೆದುಕೊಂಡಳು, ದೊಡ್ಡಸ್ತಿಕೆಗೆ. ದಿನದಂತೆ ತೋಳು ಊರಿದಳು, ಬಗ್ಗಿ ನೋಡಿದಳು, ತೋಳಂಚಿನಿಂದ ಸವರಿದಳು.

ಮಾರನೆಯ ದಿನ ಮಧ್ಯಾಹ್ನ ತೀರ್ಪು. ಪಾಕೂ ಮನೆಯಿಂದ ಎಗ್‌ರೋಲ್ ಹುರಿದು ತಂದಿದ್ದಳು, ಅದಕ್ಕೆ ಕಣ್ಣಲ್ಲಿ ನೀರು ತರಿಸುವ ಮೆಣಸಿನಕಾಯಿ ಚಟ್ನಿ. ಎಲ್ರಾಯ್ ಅವಳ ಮೇಲೆ ಅನುಮಾನ ಇಟ್ಟುಕೊಂಡೇ ನಾಲ್ಕು ತಿಂದ. ಊಟದ ಕೋಣೆಯಲ್ಲಿ ಎಲ್ಲರೂ ಕಾಯುತ್ತಿದ್ದೆವು. ವರ್ನಾ ಬರಲೇ ಇಲ್ಲ. ನಾನು ಕರೆಯಲು ಹೋದೆ.

ಕೋಟಿಂಗ್ ಕೋಣೆಯ ಬಾಗಿಲಿಗೆ ಸಣ್ಣದೊಂದು ಕಿಟಕಿ ಇದೆ. ಒಳಗೆ ನೇರಳೆ ದೀಪ ಉರಿಯುತ್ತಿತ್ತು. ವರ್ನಾ ಎರಡು ಗಾಜು ಹಿಡಿದು ನಿಂತಿದ್ದಳು. ಒಂದು ಕೆರೆಯ ನೀರಿನ ಹಾಗೆ ನೀಲಿ. ಇನ್ನೊಂದರಲ್ಲಿ ಸಿಡುಬು ಎದ್ದ ಹಾಗೆ ಕಪ್ಪು ಕಣ್ಣುಗಳು. ಹೆಸರಿನ ಪಟ್ಟಿ ಎರಡರಿಂದಲೂ ಕಿತ್ತಾಗಿತ್ತು. ಅವಳ ಬೆರಳಿಗೆ ಅಂಟಿಕೊಂಡಿದ್ದವು. ಒಂದರ ಮೇಲೆ ಪಾಕೂ ಎಂದು, ಇನ್ನೊಂದರ ಮೇಲೆ ವರ್ನಾ ಎಂದು. ಅವಳ ಮುಖ ನೋಡಿದ ಕೂಡಲೇ ಯಾವುದು ಯಾವುದರಿಂದ ಬಂದಿದ್ದೆಂದು ನನಗೆ ಗೊತ್ತಾಗಿಹೋಯಿತು. ಪಟ್ಟಿ ಅದಲು ಬದಲು ಮಾಡಿದರೆ ಕೇಳುವವರು ಯಾರೂ ಇರಲಿಲ್ಲ. ಎಲ್ಲರೂ ಆಗಲೇ ಪಾಕೂ ಎಂದುಕೊಂಡಿದ್ದರು. ಮೇಯರ್ ಶನಿವಾರ ಬೆಳಿಗ್ಗೆ ತೊರೆಗೆ ಇಳಿಯುತ್ತಾನೆ, ವರ್ನಾ ಅಟ್ಟಣೆಯಲ್ಲಿರುತ್ತಾಳೆ, ಅಷ್ಟೇ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. "ಏನೇ ಗುಮ್ಮನ ಥರ ಇಣುಕ್ತಿದ್ದೀಯ? ಬರ್ತೀನಿ ಅಂತ ಹೇಳು, ಹೋಗು," ಎಂದು ಬೆನ್ನು ತಿರುಗಿಸಿದಳು. ಪಟ್ಟಿಗಳನ್ನು ಅಂಟಿಸಿದ್ದು ಕಂಡಿತು, ಯಾವುದಕ್ಕೆ ಯಾವುದು ಎಂದು ಕಾಣಲಿಲ್ಲ. ಇಷ್ಟು ವರ್ಷದ ಗೆಳತಿ. ಆದರೂ ಅವಳು ಏನು ಮಾಡುತ್ತಾಳೆಂದು ನನಗೆ ಆ ಗಳಿಗೆ ಗೊತ್ತಿರಲಿಲ್ಲ.

ಗಾಜುಗಳ ತಟ್ಟೆಯನ್ನೂ ಕೈದೀಪವನ್ನೂ ಹಿಡಿದು ಬಂದು ಊಟದ ಮೇಜಿನ ಮೇಲಿಟ್ಟಳು. ಪರದೆ ಎಳೆದು ದೀಪ ಹಾಕಿದಳು. ನೀಲಿ, ನೀಲಿ, ನೀಲಿ, ಕೊನೆಯದು ಕಣ್ಣೇ ಕಣ್ಣು. "ಅಯ್ಯೋ ದೇವರೇ," ಎಂದ ಎಲ್ರಾಯ್. ಪಾಕೂ ಕೈಕಟ್ಟಿ ಗೋಡೆಗೆ ಒರಗಿ ನಿಂತಿದ್ದಳು.

"ತಿರುಗಿಸು," ಎಂದಳು ವರ್ನಾ ಅವಳಿಗೆ. "ನೀನೇ ತಿರುಗಿಸಿ ಓದು. ಜೋರಾಗಿ."

ಪಾಕೂ ಗಾಜು ತಿರುಗಿಸಿದಳು. ನೋಡಿದಳು. ಮತ್ತೆ ನೋಡಿದಳು. "ವರ್ನಾ," ಎಂದಳು.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದ ಎಲೆಯ ನೊಣ ಹುಡುಕಿದ ಕತೆ. ಆ ನಗು ಇದೆಯಲ್ಲ, ಕಾರ್ಖಾನೆಯ ತಗಡಿನ ಮಾಡು ಹಾರಿಹೋಗಬೇಕಿತ್ತು. ಎಲ್ರಾಯ್ ಅವಳ ಮುಂದೆ ಬಂದು ನಿಂತು, ಅವಳ ತೋಳನ್ನು ಎತ್ತಿ, ಮೂಸಿ, "ಹೋಗಮ್ಮ, ಮೊಳಕೈವರೆಗೂ ತೊಳ್ಕೊಂಡ್ ಬಾ," ಎಂದ. ವರ್ನಾ ಕೂಡ ನಕ್ಕಳು, ಆದರೆ ಕಣ್ಣು ನಗಲಿಲ್ಲ. ನನಗೆ ಅವಳ ಮೇಲೆ ಅಷ್ಟು ಪ್ರೀತಿ ಅದಕ್ಕೆ ಮುಂಚೆ ಎಂದೂ ಬಂದಿರಲಿಲ್ಲ.

"ನನ್ನ ಮೂಗಿಗೆ ಸಿಗದ್ದು ಏನಪ್ಪ ಇದು?" ಎಂದು ತೋಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಂದು ಲೋಟ ನೀರು ತೆಗೆದು ಅದರ ಮೇಲೆ ಸುರಿದಳು. ನೀರು ಮಣಿಮಣಿಯಾಗಿ ಉರುಳಿ ಕೆಳಗೆ ಬಿತ್ತು, ಬಟ್ಟೆ ಒದ್ದೆಯೇ ಆಗಲಿಲ್ಲ. ಅವಳ ಕಣ್ಣು ಅಗಲವಾಯಿತು. ಮನೆಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಿಸುವ ಹಾಗೆ ಮೇಜಿನ ಮೇಲಿಟ್ಟಳು.

"ಲೆನರ್ಡ್, ಬಟ್ಟೆ ಒಣಗಿಸೋ ಮಷೀನ್‌ಗೆ ಏನ್ ಹಾಕಿದ್ದೆ?"

"ಯಾವಾಗ?"

"ಲೆನರ್ಡ್."

"ಬೇಟೆ ಜಾಕೆಟ್ಟು," ಎಂದ ಅವನು. "ಸಿಲಿಕೋನ್ ಸ್ಪ್ರೇ ಹೊಡೆದು ಹಾಕ್ದೆ. ಬಿಸೀಲಿ ತಿರುಗಿಸಿದ್ರೆ ಚೆನ್ನಾಗಿ ಹಿಡಿಯುತ್ತೆ ಅಂತ ಡಬ್ಬಿ ಮೇಲೆ ಬರೆದಿತ್ತು. ಎಷ್ಟ್ ಚೆನ್ನಾಗ್ ಬಂದಿದೆ ಗೊತ್ತಾ, ಒಂದು ಹನಿ ನೀರೂ ಒಳಗೆ ಬರಲ್ಲ! ಒಂಚೂರೂ ವಾಸನೆ ಇಲ್ಲ. ಯಾಕೆ, ನಿನ್ನ ಜಾಕೆಟ್ಟಿಗೂ ಹೊಡೀಲಾ?"

ಜಾಕೆಟ್ಟು ತಿರುಗಿದ ಯಂತ್ರದಲ್ಲೇ ವರ್ನಾಳ ಮೇಲಂಗಿಯೂ ತಿರುಗಿತ್ತು. ಅವಳ ತೋಳು ನಮ್ಮೆಲ್ಲರ ಬೋರ್ಡನ್ನೂ ಸವರಿತ್ತು. ಆ ಶನಿವಾರ ಸಾಯಂಕಾಲದವರೆಗೆ ಲೆನರ್ಡ್ ಬದುಕಿರುವುದಿಲ್ಲ ಎಂದೇ ನಾವು ಅಂದುಕೊಂಡೆವು.

ವರ್ನಾ ಫೋನ್ ಇಟ್ಟು ಪಾಕೂ ಕಡೆ ತಿರುಗಿದಳು. "ನಿನ್ನ ಮುಲಾಮಿನ ಬಗ್ಗೆ ತಪ್ಪು ತಿಳ್ಕೊಂಡಿದ್ದೆ. ಶನಿವಾರ ನನ್ನ ಅಟ್ಟಣೆ ಖಾಲಿ ಇರುತ್ತೆ. ಹೋಗಿ ಕೂತ್ಕೋ. ಲೆನರ್ಡ್ ಪಕ್ಕದ ಮರದಲ್ಲಿರ್ತಾನೆ, ಗೊರಕೆ ಹೊಡೆದ್ರೆ ಏನಾದ್ರೂ ತಗೊಂಡು ಎಸಿ."

ಶನಿವಾರ ಮಧ್ಯಾಹ್ನ ನಾನು ಕೋಳಿ, ತರಕಾರಿ ಹಾಕಿ ಕುದಿಸಿದ ಬಿಸಿ ಬೂಯಾ ಸಾರಿನ ಪಾತ್ರೆ ಹೊತ್ತು ಕಾರ್ಖಾನೆಗೆ ಹೋದೆ. ನನಗೆ ಬೇಟೆಯ ಹುಚ್ಚಿಲ್ಲ. ಚಳಿಯಲ್ಲಿ ಮರ ಏರಿ ಕೂರಲು ನಾನೇನು ಗೂಬೆಯೇ? ವರ್ನಾ ಕಾರ್ಖಾನೆಯ ಹೊಸ ಮೇಲಂಗಿ ತೊಟ್ಟು ಕಿಟಕಿಯ ಪಕ್ಕ ಕೂತು, ದ್ರಾವಕದಲ್ಲಿ ಕುಂಚ ಅದ್ದಿ ಅದ್ದಿ, ಮೀನುಗಣ್ಣಿನ ಲೇಪವನ್ನು ಕೀಳುತ್ತಿದ್ದಳು. ದೂರದ ಕಾಡಿನಿಂದ ಗುಂಡಿನ ಸದ್ದು ಕೇಳಿದಾಗಲೆಲ್ಲ ಅವಳ ಕುಂಚ ನಿಲ್ಲುತ್ತಿತ್ತು.

"ಅದು ನನ್ನ ಮೇಯರ್ ಇರ್ಬಹುದು," ಎಂದಳು. "ಲೆನರ್ಡ್ ಹೊಡೆದಿದ್ರೆ ಆ ತಲೆ ಜೊತೆ ಸಾಯೋವರೆಗೂ ಒಂದೇ ಮನೇಲಿರ್ಬೇಕಲ್ಲೇ, ಕಾರ್ಲೀನ್."

ನಾನು ಸಾರು ಬಡಿಸಲು ತಿರುಗಿದೆ. ಹಿಂದಿನಿಂದ ಅವಳು ನನ್ನ ಮೇಲಂಗಿ ಹಿಡಿದು ಎಳೆದಳು. ಕಿಟಕಿಯಾಚೆ ಬೆರಳು ತೋರಿಸಿದಳು.

ಕಾರು ನಿಲ್ಲಿಸುವ ಜಾಗದ ಆಚೆ, ಕಾಡುಸೇಬಿನ ಮರದ ಕೆಳಗೆ, ಬಿದ್ದ ಹಣ್ಣು ಮೆಲ್ಲುತ್ತ ಒಂದು ಭಾರಿ ಜಿಂಕೆ ನಿಂತಿತ್ತು. ಎಡಗೊಂಬು ಕೆಳಕ್ಕೆ ಬಾಗಿತ್ತು. ಅದರ ತಲೆಯ ಮೇಲೇ ಊರಿನವರು ನೆಟ್ಟ ಫಲಕ: ಊರ ಮಿತಿಯೊಳಗೆ ಗುಂಡು ಹಾರಿಸಬಾರದು. ಕಾಡಿನ ತುಂಬ ಕಿತ್ತಳೆ ಅಂಗಿಯ ಬೇಟೆಗಾರರು ಕಾಯುತ್ತಿರುವಾಗ ಮೇಯರ್ ಸಾಹೇಬರು ಊರಿಗೇ ಬಂದಿದ್ದರು. ತಲೆಯೆತ್ತಿ ಕಿಟಕಿಯ ಕಡೆ ನೋಡಿದರು, ಬಾಯಲ್ಲಿದ್ದ ಸೇಬು ಅಗಿದರು, ಇನ್ನೊಂದಕ್ಕೆ ಬಗ್ಗಿದರು.

ವರ್ನಾ ಅಳುತ್ತಾಳೆಂದುಕೊಂಡೆ. ಕಣ್ಣು ತುಂಬಿದ್ದು ನಿಜ. ಆಮೇಲೆ ನಿಧಾನಕ್ಕೆ ತುಟಿಯ ಕೊನೆ ಮೇಲೆ ಹೋಯಿತು, ಡ್ವೇನ್‌ನ ಬೆರಳು ನೀಲಿಯಾದ ದಿನ ಹೋಗಿತ್ತಲ್ಲ, ಹಾಗೆ.

"ಕಾರ್ಲೀನ್, ಲೆನರ್ಡ್‌ಗೆ ಹೇಳಿದ್ಯೋ, ನಿನ್ನ ಕಾರಿನ ಬೀಗದ ತೂತಿಗೆ ಕೋಟಿಂಗ್ ಹೊಡೀತೀನಿ."

ಸೋಮವಾರ ಲಾರಿ ಬಂತು, ಬೋರ್ಡುಗಳು ಹೋದವು. ಪಾಕೂ ಒಂದು ಕೊಬ್ಬಿದ ಹೆಣ್ಣು ಜಿಂಕೆ ಹೊಡೆದಿದ್ದಳು. ಅವಳ ಅಣ್ಣಂದಿರಿಗೆ ಏನೂ ಸಿಕ್ಕಿರಲಿಲ್ಲ, ಅದನ್ನೇ ಎಲ್ಲರಿಗೂ ಹೇಳುತ್ತಿದ್ದಳು. ಮೇಯರ್ ಆ ವಾರವೆಲ್ಲ ನಮ್ಮ ಕಾಡುಸೇಬಿನ ಮರಕ್ಕೇ ಬಂದ. ಊಟದ ಹೊತ್ತಿಗೆ ಕಿಟಕಿಯ ಮುಂದೆ ನೂಕುನುಗ್ಗಲು. ಡ್ವೇನ್ ಸಮೇತ ಎಲ್ಲರ ಬಾಯಿಗೂ ಬೀಗ. ಅತ್ತ ಲೆನರ್ಡ್ ಕೆಲಸಕ್ಕೆ ರಜೆ ಹಾಕಿ ಅಟ್ಟಣೆಯಲ್ಲಿ ಕೂತಿದ್ದ. ಇನ್ನೂ ಕತ್ತಲಿರುವಾಗಲೇ ವರ್ನಾ ಎದ್ದು ಫ್ಲಾಸ್ಕಿಗೆ ಕಾಫಿ ತುಂಬಿ ಕೊಡುತ್ತಿದ್ದಳಂತೆ. "ಕಾಯ್ತಾ ಇರು, ಲೆನರ್ಡ್. ಬಂದೇ ಬರ್ತಾನೆ. ನಿನ್ನ ಜಾಕೆಟ್ ಇದೆಯಲ್ಲ," ಎನ್ನುತ್ತಿದ್ದಳಂತೆ. ಹೆಂಡತಿ ಇಷ್ಟು ಬೇಗ ಕ್ಷಮಿಸಿದಳೆಂದು ಅವನಿಗೆ ಆನಂದವೋ ಆನಂದ.

ಬೇಟೆಯ ಕೊನೆಯ ದಿನ ವರ್ನಾ ನಮ್ಮನ್ನೆಲ್ಲ ಊಟಕ್ಕೆ ಕರೆದಿದ್ದಳು. ಹೊರಗೆ ಬೆಳಗ್ಗಿನಿಂದ ಮಳೆ ಹಿಮ ಎರಡೂ ಕಲಸಿ ಸುರಿಯುತ್ತಿತ್ತು. ಸಾಸೇಜು ಪಾಕೂಳ ಜಿಂಕೆಯದ್ದು. ತಿನ್ನುತ್ತಿರುವಾಗ ಹಿತ್ತಲ ಬಾಗಿಲು ತೆರೆದು ಲೆನರ್ಡ್ ಬಂದ. ಮೂಗು ನೇರಳೆಯಾಗಿತ್ತು, ಹುಬ್ಬಿನ ಮೇಲೆ ಮಂಜು, ಕೈ ಖಾಲಿ. ಎಲ್ರಾಯ್ ತಟ್ಟೆಯೊಳಗೆ ಮುಖ ಹುದುಗಿಸಿದ.

"ಒಂದು ಬಾಲ ಕೂಡ ಕಾಣಲಿಲ್ಲ," ಎಂದ ಲೆನರ್ಡ್, ಒಲೆಯ ಹತ್ತಿರ ನಿಂತು ನಡುಗುತ್ತ. ಆಮೇಲೆ ಜಾಕೆಟ್ಟು ಬಿಚ್ಚಿ, ಒಳಗಿನ ಅಂಗಿಯನ್ನು ತಟ್ಟಿ ತೋರಿಸಿದ. ಮುಖ ಅರಳಿತು. "ಆದ್ರೆ ನೋಡು ವರ್ನಾ, ಇಷ್ಟು ದಿನ ಕೂತ್ರೂ ಒಂದು ಹನಿ ನೀರೂ ಒಳಗೆ ಬಂದಿಲ್ಲ!"

ವರ್ನಾ ನಕ್ಕಳು. ನಕ್ಕೂ ನಕ್ಕೂ ಅಡುಗೆಮನೆಯ ನೆಲದ ಮೇಲೆ ಕೂತೇಬಿಟ್ಟಳು. ಲೆನರ್ಡ್ ನೆನೆಯದ ಅಂಗಿಯನ್ನು ಇನ್ನೊಮ್ಮೆ ತಟ್ಟಿಕೊಂಡು, ಕೊನೆಗೂ ಇವಳಿಗೆ ಸ್ಪ್ರೇಯ ಬೆಲೆ ಗೊತ್ತಾಯಿತು ನೋಡಿ ಎಂದು ನಮಗೆ ಹೇಳಿದ.